55 ದಾಟಿದ ಮೇಲೂ ಕಪ್‌ಗೆ ಪೈಪೋಟಿ: ಗಾಲ್ಫ್ ಬಗ್ಗೆ ಮಲೆನಾಡಿನ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಸೀನಿಯರ್ ಅಮೆಚೂರ್ ಗಾಲ್ಫ್ ಚಾಂಪಿಯನ್‌ಶಿಪ್‌ಗಳ ಬಗ್ಗೆ ಅರ್ಧ ಪುಟ ಬರೆದಿದ್ದೆ. 55 ವರ್ಷ ತುಂಬಿದ, ಗಾಲ್ಫನ್ನು ಹೊಟ್ಟೆಪಾಡು ಮಾಡಿಕೊಳ್ಳದ ಗಂಡಸರಿಗೆ ಅಮೆರಿಕದಲ್ಲಿ 1955ರಿಂದ, ಬ್ರಿಟನ್‌ನಲ್ಲಿ 1969ರಿಂದ ಪ್ರತ್ಯೇಕ ಚಾಂಪಿಯನ್‌ಶಿಪ್ ಇದೆ. ಒಂದೊಂದು ವರ್ಷ ಒಂದೊಂದು ಕೋರ್ಸ್ (ಗಾಲ್ಫ್ ಮೈದಾನ) ಅದಕ್ಕೆ ಆತಿಥ್ಯ ವಹಿಸುತ್ತದೆ. ಅಲ್ಲಿ ಗೆಲ್ಲಿಸುವುದು ತೋಳಿನ ಬಲಕ್ಕಿಂತ ಜಾಸ್ತಿ ನೆಲ ನೋಡುವ ಕಣ್ಣು ಅಂತ ಬರೆದಿದ್ದೆ. ಅಷ್ಟಕ್ಕೇ ಶಿವಮೊಗ್ಗ, ಚಿಕ್ಕಮಗಳೂರು ಕಡೆಯಿಂದ ಇಷ್ಟೊಂದು ಪತ್ರ ಬಂದಿವೆ. ತುಂಬಾ ಖುಷಿಯಾಯಿತು. ಈ ಸಲದ ಜಾಗವನ್ನೆಲ್ಲ ಅವಕ್ಕೇ ಕೊಟ್ಟಿದ್ದೇನೆ.

ಪ್ರ: ವಯಸ್ಸಾದವರಿಗೆ ಬೇರೆ ಚಾಂಪಿಯನ್‌ಶಿಪ್ ಅಂದರೆ ಸಮಾಧಾನಕರ ಬಹುಮಾನ ಇದ್ದ ಹಾಗಲ್ವಾ? ನಿಜವಾದ ಪೈಪೋಟಿ ಇರುತ್ತದೆಯೇ?
— ನಿವೃತ್ತ ಮೇಷ್ಟ್ರು, ಸಾಗರ

ಉ: ಖಂಡಿತ ಇರುತ್ತದೆ ಮೇಷ್ಟ್ರೇ. ಅಮೆರಿಕದ ಚಾಂಪಿಯನ್‌ಶಿಪ್ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ. ಅರ್ಜಿ ಹಾಕುವುದಕ್ಕೇ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತೋರಿಸುವ ಅಂಕಿ, ಕಡಿಮೆ ಇದ್ದಷ್ಟೂ ಆಟ ಮೇಲು) ಒಂದಂಕಿಯಲ್ಲಿರಬೇಕು. ಸುಮ್ನೆ ಭಾನುವಾರ ಕೋಲು ಬೀಸುವವರಿಗೆ ಅಲ್ಲಿ ಬಾಗಿಲೇ ತೆರೆಯುವುದಿಲ್ಲ. ಆಮೇಲೆ ಬೇರೆ ಬೇರೆ ಊರುಗಳಲ್ಲಿ ಅರ್ಹತಾ ಸುತ್ತು. ಅದನ್ನು ದಾಟಿ ಬಂದವರು ಆತಿಥೇಯ ಕೋರ್ಸ್‌ನಲ್ಲಿ ಎರಡು ದಿನಕ್ಕೆ 36 ಹೋಲ್ (ಚೆಂಡನ್ನು ಒಂದು ಗುಂಡಿಗೆ ಹಾಕುವವರೆಗಿನ ಆಟ ಒಂದು ಹೋಲ್) ಆಡುತ್ತಾರೆ, ಒಟ್ಟು ಹೊಡೆತ ಎಣಿಸಿದ ಮೇಲೆ 64 ಜನ ಮಾತ್ರ ಉಳಿಯುತ್ತಾರೆ. ಅಲ್ಲಿಂದ ಮುಂದೆ ಎದುರು ಬದುರು ನಾಕೌಟ್. ಸೋತವರು ಆವತ್ತೇ ಗಂಟುಮೂಟೆ ಕಟ್ಟಬೇಕು. ಕಪ್ ಎತ್ತಬೇಕಾದರೆ ಸಾಲಾಗಿ ಆರು ಮ್ಯಾಚ್ ಗೆಲ್ಲಬೇಕು, ಅದೂ ಕೆಲವು ದಿನ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. 60ರ ಆಸುಪಾಸಿನವರು ಇಳಿಬಿಸಿಲಲ್ಲಿ ಆ ದಿನದ ಮೂವತ್ತನಾಲ್ಕನೇ ಹೋಲ್‌ನಲ್ಲಿ ನಾಲ್ಕಡಿಯ ಪಟ್‌ಗೆ (ಚೆಂಡನ್ನು ಗುಂಡಿಗೆ ಉರುಳಿಸುವ ಮೆಲ್ಲನೆಯ ಹೊಡೆತ) ನಿಂತಾಗ ಕೈ ನಡುಗದಂತೆ ನೋಡಿಕೊಳ್ಳುವುದು ಸಣ್ಣ ಮಾತಲ್ಲ.

ಲೂಯಿಸ್ ಓಮಿಗ್ ಅಂತ ಒಬ್ಬರಿದ್ದರು. ಈ ಕಪ್ಪನ್ನು 1972ರಲ್ಲಿ ಗೆದ್ದರು, 1976ರಲ್ಲಿ ಮತ್ತೆ ಗೆದ್ದರು, ಆಮೇಲೆ 1985ರಲ್ಲಿ ಮೂರನೇ ಸಲ ಗೆದ್ದರು. ಆಗ ಅವರಿಗೆ 69 ವರ್ಷ. ಎದುರಿಗಿದ್ದವರಲ್ಲಿ ಹತ್ತು ಹನ್ನೆರಡು ವರ್ಷ ಚಿಕ್ಕವರೂ ಇದ್ದರು, ಯಾರೂ ಅವರಿಗೆ ಬಿಟ್ಟುಕೊಟ್ಟಿರಲಿಲ್ಲ. ಇಲ್ಲಿ ಹ್ಯಾಂಡಿಕ್ಯಾಪ್ ಲೆಕ್ಕದ ರಿಯಾಯಿತಿಯೂ ಇಲ್ಲ, ಹೊಡೆದಷ್ಟೇ ಲೆಕ್ಕ. ಇದನ್ನು ಸಮಾಧಾನಕರ ಬಹುಮಾನ ಅಂತ ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಪ್ರ: ದುಡ್ಡೇ ಸಿಗದಿದ್ದರೆ ಇಷ್ಟೆಲ್ಲ ಒದ್ದಾಟ ಯಾಕೆ? ಗೆದ್ದವರಿಗೆ ಏನು ಕೊಡುತ್ತಾರೆ?
— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉ: ಟ್ರೋಫಿ, ಪದಕ, ಜೊತೆಗೆ ದೊಡ್ಡ ಪಂದ್ಯಕ್ಕೆ ನೇರ ಪ್ರವೇಶ. ಅಮೆರಿಕದ ಸೀನಿಯರ್ ಅಮೆಚೂರ್ ಗೆದ್ದವರಿಗೆ ಯುಎಸ್ ಸೀನಿಯರ್ ಓಪನ್‌ನಲ್ಲಿ ಆಡುವ ಅವಕಾಶ ಸಿಗುತ್ತದೆ, ಅಂದರೆ ಟಿವಿಯಲ್ಲಿ ನೋಡಿದ ಹಳೇ ವೃತ್ತಿಪರ ಆಟಗಾರರ ಪಕ್ಕದಲ್ಲೇ ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಮೇಲೆ ನಿಲ್ಲಬಹುದು. ಬಹುಮಾನದ ಹಣಕ್ಕೆ ಮಿತಿ ಇದೆ. 2022ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಅಮೆಚೂರ್ ಆಟಗಾರ ಒಂದು ಪಂದ್ಯದಲ್ಲಿ 1,000 ಡಾಲರ್ ಮೌಲ್ಯದಷ್ಟು ಬಹುಮಾನ ಮಾತ್ರ ತೆಗೆದುಕೊಳ್ಳಬಹುದು. ಅಷ್ಟು ದೂರದ ಪ್ರಯಾಣ, ವಸತಿಯ ಖರ್ಚಿಗೆ ಅದು ಯಾವ ಮೂಲೆಗೂ ಸಾಲದು.

ಹಾಗಂತ ದುಡ್ಡಿಗೆ ಆಡದವರು ಆಟದಲ್ಲಿ ಹಿಂದೆ ಅಂದುಕೊಳ್ಳಬೇಡಿ. ಅಮೆರಿಕದ ಬಾಬಿ ಜೋನ್ಸ್ ಪೈಪೋಟಿಯಲ್ಲಿದ್ದಷ್ಟು ದಿನವೂ ಅಮೆಚೂರ್ ಆಗೇ ಉಳಿದರು. 1930ರಲ್ಲಿ ಆಗಿನ ನಾಲ್ಕೂ ದೊಡ್ಡ ಪಂದ್ಯ ಗೆದ್ದು, 28ಕ್ಕೇ ನಿವೃತ್ತಿ ಘೋಷಿಸಿ ವಕೀಲಿಕೆ ನೋಡಿಕೊಂಡರು. ನಮ್ಮಲ್ಲೇ ನೋಡಿ, ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ಪಿ.ಜಿ. ಸೇಠಿ. 1965ರಲ್ಲಿ ವೃತ್ತಿಪರರನ್ನೆಲ್ಲ ಹಿಂದೆ ಹಾಕಿ ಗೆದ್ದಾಗ ಅವರೂ ಅಮೆಚೂರ್.

ಪ್ರ: ನಾವು ಕಾಫಿ ಬೆಳೆಗಾರರು, ಆಗಾಗ ಚಿಕ್ಕಮಗಳೂರಿನ ಕೋರ್ಸ್‌ಗೆ ಹೋಗುತ್ತೇವೆ. ಚಾಂಪಿಯನ್‌ಶಿಪ್‌ಗೆ ಆತಿಥ್ಯ ಕೊಡುವ ಕೋರ್ಸ್‌ಗೂ ದಿನನಿತ್ಯದ ಕೋರ್ಸ್‌ಗೂ ಏನು ವ್ಯತ್ಯಾಸ? ನಮ್ಮ ಕಡೆ ಅಂಥದ್ದೊಂದು ನಡೆಸಬಹುದಾ?
— ಕೊಪ್ಪ ಸಮೀಪದ ಬೆಳೆಗಾರರು

ಉ: ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಹುಲ್ಲು. ನಮ್ಮ ದೇಶದ ಬಹುತೇಕ ಕೋರ್ಸ್‌ಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ಬೇರೆ ಯಾವುದೋ ಅಲ್ಲ, ನಾವು ಚೌತಿಗೆ ಗಣಪತಿಗೆ ಏರಿಸುವ ಗರಿಕೆಯೇ. ಗ್ರೀನ್‌ಗೆ, ಅಂದರೆ ಗುಂಡಿಯ ಸುತ್ತಲಿನ ನುಣ್ಣನೆಯ ಹುಲ್ಲುಹಾಸಿಗೆ, ಹಾಕುವುದು ಅದರ ಕುಳ್ಳ ಮಿಶ್ರತಳಿ. ಮೂರು ನಾಲ್ಕು ಮಿಲಿಮೀಟರ್‌ಗೆ ಕತ್ತರಿಸಿದರೂ ಬದುಕುತ್ತದೆ. ಆದರೆ ಗರಿಕೆಗೆ ಬಿಸಿಲು ಬೇಕೇ ಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದೇ ಇರುತ್ತದೆ, ಸುತ್ತ ಸಿಲ್ವರ್ ಓಕ್, ಹಲಸಿನ ಮರಗಳ ನೆರಳು ಬೇರೆ. ಹುಲ್ಲು ತೆಳ್ಳಗಾಗಿ, ಪಾಚಿ ಕಟ್ಟಿ, ಬೂಷ್ಟು ರೋಗ ಬರುತ್ತದೆ. ಆದ್ದರಿಂದ ಮಲೆನಾಡಿನ ಕೋರ್ಸ್‌ನಲ್ಲಿ ನಿಜವಾದ ತಯಾರಿ ಶುರುವಾಗುವುದು ಮಳೆ ಬಿಟ್ಟ ಮೇಲೆ: ಗ್ರೀನ್ ತುಂಬಾ ಸಣ್ಣ ಸಣ್ಣ ತೂತು ಕೊರೆದು ಬೇರಿಗೆ ಗಾಳಿ ಆಡುವಂತೆ ಮಾಡುವುದು, ಮೇಲೆ ತೆಳುವಾಗಿ ಮರಳು ಹರಡುವುದು, ಹೊಸ ಚಿಗುರು ಬರುವವರೆಗೆ ಕಾಯುವುದು. ಇದನ್ನು ಅವಸರದಲ್ಲಿ ಮಾಡಲಾಗುವುದಿಲ್ಲ.

ನೀರು ಇಂಗುವ ವಿಚಾರ ನಿಮಗೆ ನಾನು ಹೇಳಬೇಕಾಗಿಲ್ಲ, ತೋಟದ ಬಸಿಗಾಲುವೆ ಕಟ್ಟಿಕೊಂಡರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಒಳ್ಳೆಯ ಗ್ರೀನ್‌ನ ಅಡಿಯಲ್ಲೂ ಅದೇ ಕೆಲಸ ನಡೆಯುತ್ತಿರುತ್ತದೆ. ಅಮೆರಿಕದ ಗಾಲ್ಫ್ ಸಂಸ್ಥೆ ಹೇಳುವ ಲೆಕ್ಕದಲ್ಲಿ ಮೇಲೆ ಸುಮಾರು 30 ಸೆಂಟಿಮೀಟರ್ ಮರಳು, ಅದರ ಕೆಳಗೆ 10 ಸೆಂಟಿಮೀಟರ್ ಜಲ್ಲಿ, ಜಲ್ಲಿಯ ಕೆಳಗೆ ಪೈಪು. ಹೀಗೆ ಕಟ್ಟಿದ ಗ್ರೀನ್ ಜೋರು ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಡಲು ಸಿದ್ಧ. ಮಣ್ಣನ್ನೇ ದಬ್ಬಿ ಮಾಡಿದ ಹಳೇ ಗ್ರೀನ್ ಎರಡು ದಿನ ಜೌಗಾಗಿಯೇ ಇರುತ್ತದೆ.

ಆಮೇಲೆ ವೇಗ. ಅಳೆಯಲು ಸ್ಟಿಂಪ್‌ಮೀಟರ್ ಅಂತ ಒಂದು ಸಾಧನ ಇದೆ. ಮೂರಡಿ ಉದ್ದದ ಅಲ್ಯೂಮಿನಿಯಂ ಪಟ್ಟಿ, ನಡುವೆ ಕಾಲುವೆಯ ಥರ ತೋಡು. ತುದಿಯ ಹತ್ತಿರದ ಗುಳಿಯಲ್ಲಿ ಚೆಂಡಿಟ್ಟು ಪಟ್ಟಿಯನ್ನು ನಿಧಾನ ಎತ್ತಿದರೆ ಒಂದು ಓರೆಗೆ ಬಂದಾಗ ಚೆಂಡು ತಾನೇ ಬಿಟ್ಟುಕೊಂಡು ಉರುಳುತ್ತದೆ. ಸಮತಟ್ಟು ಜಾಗದಲ್ಲಿ ಎಷ್ಟು ಅಡಿ ಹೋಯಿತೋ ಅದೇ ಆ ಗ್ರೀನ್‌ನ ವೇಗ. ಆ ಕಡೆಯಿಂದಲೂ ಈ ಕಡೆಯಿಂದಲೂ ಉರುಳಿಸಿ ಸರಾಸರಿ ತೆಗೆಯುತ್ತಾರೆ. ಎಡ್ವರ್ಡ್ ಸ್ಟಿಂಪ್‌ಸನ್ ಎಂಬವರು 1935ರಲ್ಲಿ ಮಾಡಿದ್ದು. ಸಾಮಾನ್ಯ ಕ್ಲಬ್ಬಿನ ಗ್ರೀನ್ ಎಂಟೊಂಬತ್ತು ಅಡಿ ಬಂದರೆ, ದೊಡ್ಡ ಚಾಂಪಿಯನ್‌ಶಿಪ್‌ಗೆ ಹನ್ನೊಂದು ಹನ್ನೆರಡಕ್ಕೆ ಏರಿಸುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಗುಡ್ಡದ ಕೋರ್ಸ್‌ಗಳಲ್ಲಿ ಹನ್ನೆರಡರ ಆಸೆ ಬಿಟ್ಟುಬಿಡಬೇಕು. ಇಳಿಜಾರು ಗ್ರೀನನ್ನು ಅಷ್ಟು ವೇಗ ಮಾಡಿದರೆ ಮೇಲಿನಿಂದ ಮೆಲ್ಲಗೆ ತಟ್ಟಿದ ಚೆಂಡು ಗುಂಡಿ ದಾಟಿ, ಗ್ರೀನ್ ದಾಟಿ, ಕೆಳಗಿನ ಹುಲ್ಲಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಚೆನ್ನಾಗಿ ಆಡಿದವನಿಗೂ ಕೆಟ್ಟದಾಗಿ ಆಡಿದವನಿಗೂ ಒಂದೇ ಶಿಕ್ಷೆ ಆಗುತ್ತದೆ. ಒಂಬತ್ತೂವರೆ, ಹತ್ತು ಸಾಕು. ಆದರೆ ಹದಿನೆಂಟೂ ಗ್ರೀನ್‌ಗಳಲ್ಲಿ ಅದೇ ವೇಗ ಇರಬೇಕು, ಆತಿಥೇಯ ಕೋರ್ಸ್‌ನ ಯೋಗ್ಯತೆ ಗೊತ್ತಾಗುವುದು ಅಲ್ಲೇ.

ಪಂದ್ಯದ ದಿನ ಬೆಳಗಿನ ಕೆಲಸವನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಿ. ಇನ್ನೂ ಮಂಜು ಕವಿದಿರುವಾಗಲೇ ಮಾಲಿಗಳು ಉದ್ದನೆಯ ಕೋಲು ಆಡಿಸಿ ಹುಲ್ಲಿನ ಮೇಲಿನ ಇಬ್ಬನಿ ಕೊಡವುತ್ತಾರೆ. ಹಿಂದೆಯೇ ಒಬ್ಬರು ಗುಂಡಿ ಕೊರೆಯುವ ಕಟರ್ ಹಿಡಿದು ಬರುತ್ತಾರೆ. ನೆಟ್ಟಗೆ ನಿಲ್ಲಿಸಿ, ಎರಡೂ ಕೈಯಲ್ಲಿ ತಿರುಗಿಸಿ ತಿರುಗಿಸಿ ಇಳಿಸಿ, ಮಣ್ಣು ಹುಲ್ಲು ಸಮೇತ ಒಂದು ಉರುಳೆ ಮೇಲೆತ್ತುತ್ತಾರೆ. 108 ಮಿಲಿಮೀಟರ್ ಅಗಲದ ಹೊಸ ಗುಂಡಿ ರೆಡಿ. ಆ ಉರುಳೆ ಹೋಗಿ ನಿನ್ನೆಯ ಗುಂಡಿಯಲ್ಲಿ ಕೂರಬೇಕು. ಸ್ವಲ್ಪ ಎತ್ತರವಾದರೆ ಮರುದಿನ ಕತ್ತರಿಸುವ ಮೆಷಿನ್ ಅದರ ನೆತ್ತಿ ಕೆರೆದುಹಾಕುತ್ತದೆ, ತಗ್ಗಾದರೆ ಯಾರದೋ ಪಟ್ ಅಲ್ಲಿ ದಾರಿ ತಪ್ಪುತ್ತದೆ. ಅದಕ್ಕೇ ಮಂಡಿಯೂರಿ, ಬೆರಳಲ್ಲಿ ಅಂಚು ಒತ್ತಿ, ಅಂಗೈ ಸವರಿ ನೋಡಿ, ಸ್ವಲ್ಪ ನೀರು ಚಿಮುಕಿಸಿ ಏಳುತ್ತಾರೆ. ಕಪ್ ಕೊಡುವ ಸಮಾರಂಭದಲ್ಲಿ ಇವರನ್ನು ವೇದಿಕೆಗೆ ಕರೆಯುವ ಪದ್ಧತಿ ಎಲ್ಲ ಕ್ಲಬ್ಬಿನಲ್ಲೂ ಬರಬೇಕು ಅಂತ ನನ್ನ ಆಸೆ.

ಸೀನಿಯರ್‌ಗಳಿಗೆ ಕೋರ್ಸ್‌ನ ಉದ್ದವನ್ನು ಸ್ವಲ್ಪ ಕಡಿಮೆ ಮಾಡುತ್ತಾರೆ, 7,000 ಗಜ ದಾಟುವ ಕೋರ್ಸನ್ನು ಟೀ ಮುಂದೆ ತಂದು 6,500 ಗಜದ ಆಸುಪಾಸಿಗೆ ಇಳಿಸುವುದುಂಟು. ದೂರ ಹೊಡೆಯುವವರ ಅನುಕೂಲ ತಗ್ಗಿದ ಮೇಲೆ ಎಲ್ಲಿ ಚೆಂಡು ಇಳಿಸಬೇಕು, ಯಾವ ಬದಿಯಿಂದ ಗ್ರೀನ್‌ಗೆ ಬರಬೇಕು ಅನ್ನುವುದೇ ಮುಖ್ಯವಾಗುತ್ತದೆ. ಗುಡ್ಡದ ಕೋರ್ಸ್‌ನಲ್ಲಿ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟುಕೊಂಡೇ ಅರ್ಧ ಹೊಡೆತ ಹೊಡೆಯಬೇಕು. ಚೆಂಡು ಪಾದಕ್ಕಿಂತ ಮೇಲಿದ್ದರೆ ಬಲಗೈ ಆಟಗಾರನ ಹೊಡೆತ ಎಡಕ್ಕೆ ಎಳೆಯುತ್ತದೆ, ಕೆಳಗಿದ್ದರೆ ಬಲಕ್ಕೆ ಹೋಗುತ್ತದೆ. ಇದು ಗೊತ್ತಿರುವ 62ರ ಆಟಗಾರ ಗೊತ್ತಿಲ್ಲದ 30ರವನನ್ನು ಸುಲಭವಾಗಿ ಸೋಲಿಸುತ್ತಾನೆ.

ನಮ್ಮ ಕಡೆ ನಡೆಸಬಹುದಾ ಅಂತ ಕೇಳಿದ್ದೀರಿ. ಚಿಕ್ಕಮಗಳೂರಿನಲ್ಲಿ, ಕೊಡಗಿನ ಮಡಿಕೇರಿಯಲ್ಲಿ, ಬಿಟ್ಟಂಗಾಲದಲ್ಲಿ ಕೋರ್ಸ್‌ಗಳಿವೆ. ಆಟಗಾರರೂ ಇದ್ದಾರೆ. ತೊಡಕು ಇರುವುದು ತಿಂಗಳಿನದ್ದು. ಡಿಸೆಂಬರ್‌ನಿಂದ ಫೆಬ್ರವರಿ ಹವಾಮಾನ ಚೆನ್ನ, ಆದರೆ ಆಗಲೇ ಕಾಫಿ ಕೊಯ್ಲು, ಅಡಿಕೆ ಕೊನೆ ತೆಗೆಯುವ ಕೆಲಸ, ನಿಮ್ಮಂಥವರು ತೋಟ ಬಿಟ್ಟು ಬರಲಾರಿರಿ. ಮಾರ್ಚ್ ಏಪ್ರಿಲ್‌ಗೆ ಇಟ್ಟರೆ ಬೆಳೆಗಾರರೆಲ್ಲ ಹೂಮಳೆಗೆ ಕಾಯುತ್ತಿರುತ್ತೀರಿ, ಪಂದ್ಯ ನಡೆಸುವವರು ಮಳೆ ಬಾರದಿರಲಿ ಅಂತ. ನನ್ನ ಪ್ರಕಾರ ನವೆಂಬರ್ ಮೊದಲರ್ಧ ಸರಿ. ಗ್ರೀನ್ ಚಿಗುರಿರುತ್ತದೆ, ಕೊಯ್ಲು ಇನ್ನೂ ಬಿರುಸಾಗಿರುವುದಿಲ್ಲ.

ಪ್ರ: ನಮ್ಮ ಮನೆಯವರು ವರ್ಗವಾಗಿ ಬೆಂಗಳೂರಲ್ಲಿದ್ದಾಗ ಗಾಲ್ಫ್ ಕಲಿತರು, ಈಗಲೂ ತಿಂಗಳಿಗೊಮ್ಮೆ ಹೋಗುತ್ತಾರೆ. ನನಗೆ 52. ಈ ವಯಸ್ಸಲ್ಲಿ ನಾನು ಶುರು ಮಾಡಿದರೆ ಅವರ ಜೊತೆ ಆಡಬಹುದಾ? ಹೆಂಗಸರಿಗೂ ಇಂಥ ಚಾಂಪಿಯನ್‌ಶಿಪ್ ಇದೆಯಾ?
— ಗೃಹಿಣಿ, ತೀರ್ಥಹಳ್ಳಿ

ಉ: ಇದೆ ಅಮ್ಮಾ, ಅಮೆರಿಕದಲ್ಲಿ 1962ರಿಂದಲೂ ಇದೆ. ಅವರಿಗೆ ವಯಸ್ಸಿನ ಮಿತಿ 50, ಅಂದರೆ ನೀವು ಆಗಲೇ ಅರ್ಹರು! ಕ್ಯಾರೊಲಿನ್ ಕುಡೋನ್ ಅನ್ನುವವರು 1968ರಿಂದ 1972ರವರೆಗೆ ಸಾಲಾಗಿ ಐದು ವರ್ಷ ಗೆದ್ದಿದ್ದರು. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ ಬೆಳಗಿನ ಜಾವ ಎದ್ದು ಟಿವಿ ಹಾಕಿದ ಮನೆಗಳೆಷ್ಟು ಅಂತ ನಿಮಗೂ ನೆನಪಿರಬಹುದು. ಆಕೆಯ ಪಟಿಂಗ್ ನೋಡಿದವರಿಗೆ ಈ ಆಟಕ್ಕೆ ದೇಹಬಲವೇ ಎಲ್ಲ ಅಲ್ಲ ಅಂತ ಬೇರೆ ಹೇಳಬೇಕಿಲ್ಲ.

ಜೊತೆ ಆಡುವ ವಿಚಾರ. ಗಾಲ್ಫ್‌ನಲ್ಲಿ ಹೊಸಬರೂ ಹಳಬರೂ ಒಟ್ಟಿಗೆ ಆಡಲಿ ಅಂತಲೇ ಹ್ಯಾಂಡಿಕ್ಯಾಪ್ ಇರುವುದು. 54ರವರೆಗೆ ಇರಬಹುದು. ನಿಮ್ಮವರದ್ದು 12, ನಿಮ್ಮದು 30 ಅಂತಿಟ್ಟುಕೊಳ್ಳಿ. ವ್ಯತ್ಯಾಸ 18. ಅವರು ಪ್ರತಿ ಹೋಲ್‌ಗೂ ನಿಮಗೆ ಒಂದು ಹೊಡೆತ ಬಿಟ್ಟುಕೊಡಬೇಕು. ಅವರು ಐದು, ನೀವು ಆರು ಹೊಡೆದರೆ ಆ ಹೋಲ್ ಸರಿಸಮ. ಶುರುವಿಗೆ ಸ್ಟೇಬಲ್‌ಫೋರ್ಡ್ ಪದ್ಧತಿಯಲ್ಲಿ ಆಡಿ. ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ಡಾಕ್ಟರು ರೂಪಿಸಿದ್ದು, ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ 1932ರಲ್ಲಿ ಮೊದಲು ಆಡಿಸಿದರು. ಅಲ್ಲಿ ಹೊಡೆತದ ಬದಲು ಅಂಕ: ರಿಯಾಯಿತಿ ಕಳೆದ ಮೇಲೆ ಪಾರ್ (ಆ ಹೋಲ್‌ಗೆ ನಿಗದಿಯಾದಷ್ಟೇ ಹೊಡೆತ) ಆದರೆ ಎರಡು, ಒಂದು ಹೊಡೆತ ಜಾಸ್ತಿಯಾದರೆ ಒಂದು, ಅದಕ್ಕೂ ಮೇಲೆ ಹೋದರೆ ಸೊನ್ನೆ. ಒಂದು ಹೋಲ್ ಕೆಟ್ಟರೆ ಚೆಂಡು ಜೇಬಿಗೆ ಹಾಕಿಕೊಂಡು ಮುಂದಿನದಕ್ಕೆ ನಡೆಯಬಹುದು, ಇಡೀ ದಿನ ಹಾಳಾಗುವುದಿಲ್ಲ. ಮೊದಲು ಪಟಿಂಗ್ ಕಲಿಯಿರಿ, ಅದರಿಂದ ಹಿಂದಕ್ಕೆ ಬನ್ನಿ. ದೊಡ್ಡ ಕೋಲು ಕೊನೆಗೆ. ಮಂಡಿ, ಸೊಂಟದ ತೊಂದರೆ ಇದ್ದರೆ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿಯೇ ಹೋಗಿ, 18 ಹೋಲ್ ಅಂದರೆ ಏಳೆಂಟು ಕಿಲೋಮೀಟರ್ ನಡಿಗೆ.

ಪ್ರ: ಮಂಗ ಚೆಂಡು ಎತ್ತಿಕೊಂಡು ಹೋದರೆ? ಹಾವು ಪಕ್ಕದಲ್ಲಿದ್ದರೆ? ನಮ್ಮ ಕಡೆ ಇದೆಲ್ಲ ಮಾಮೂಲು ಸಾರ್.
— ಎಂಜಿನಿಯರಿಂಗ್ ವಿದ್ಯಾರ್ಥಿ, ಹೊಸನಗರ

ಉ: ಎರಡಕ್ಕೂ ನಿಯಮ ಇದೆ ತಮ್ಮಾ. ನಿಂತಿದ್ದ ಚೆಂಡನ್ನು ಮಂಗ ಒಯ್ದಿದ್ದು ಖಚಿತವಾದರೆ, ಅದೇ ಜಾಗದಲ್ಲಿ ಬೇರೆ ಚೆಂಡಿಟ್ಟು ಆಡಬಹುದು, ದಂಡ ಇಲ್ಲ. ವಿಷದ ಹಾವು, ಜೇನುಹುಳದಂಥ ಅಪಾಯ ಇದ್ದರೆ ಅಪಾಯವಿಲ್ಲದ ಹತ್ತಿರದ ಜಾಗಕ್ಕೆ ಸರಿದು ಚೆಂಡು ಬಿಡಬಹುದು, ಅದಕ್ಕೂ ದಂಡ ಇಲ್ಲ. ಹೆಗ್ಗಣದ ಬಿಲಕ್ಕೆ ಬಿದ್ದರೂ ಹಾಗೆಯೇ. ಎರೆಹುಳ ಎತ್ತಿಹಾಕಿದ ಮಣ್ಣು, ಒಣ ಎಲೆ ಇವನ್ನೆಲ್ಲ ಚೆಂಡು ಅಲುಗದಂತೆ ತೆಗೆದು ಆಡಬಹುದು. ಉಂಬಳ ಹತ್ತಿದರೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ, ಸುಣ್ಣ ಮುಟ್ಟಿಸಿಕೊಂಡು ಆಡಬೇಕು. ಚೆಂಡು ಹುಡುಕಲು ಮೂರೇ ನಿಮಿಷ, 2019ಕ್ಕೆ ಮೊದಲು ಐದಿತ್ತು. ಸಿಡಿಲಿನ ವಿಷಯದಲ್ಲಿ ಹುಡುಗಾಟ ಬೇಡ. ಒಂದೇ ಉದ್ದನೆಯ ಸೈರನ್ ಕೇಳಿದರೆ ಎತ್ತಿದ ಕೋಲು ಇಳಿಸಿ ತಕ್ಷಣ ಒಳಗೆ ಹೋಗಬೇಕು, ಹೋಲ್ ಮುಗಿಸಿಬಿಡುತ್ತೇನೆ ಅನ್ನುವ ಹಾಗಿಲ್ಲ.

ಪ್ರ: ಮಲೆನಾಡಿಗೆ ಈ ಆಟ ಬೇಕಾ? ಕಾಡು ಕಡಿದು, ಗದ್ದೆ ಮುಚ್ಚಿ, ಔಷಧಿ ಹೊಡೆದು ಹುಲ್ಲು ಬೆಳೆಸುವುದನ್ನು ನೀವು ಬೆಂಬಲಿಸುತ್ತೀರಾ?
— ಕೃಷಿಕರು, ಶೃಂಗೇರಿ

ಉ: ಇಲ್ಲ, ಬೆಂಬಲಿಸುವುದಿಲ್ಲ. ಗಾಲ್ಫ್ ನನಗೆ ಎಷ್ಟೇ ಇಷ್ಟವಿದ್ದರೂ ಕಾನು ಕಡಿದು, ಸೊಪ್ಪಿನ ಬೆಟ್ಟ ಸವರಿ ಹೊಸ ಕೋರ್ಸ್ ಮಾಡುವುದು ತಪ್ಪು. ಪೂರ್ಣ ಪ್ರಮಾಣದ 18 ಹೋಲ್‌ಗೆ ನೂರು ಎಕರೆಗೂ ಮೇಲೆ ಜಾಗ ಬೇಕು. ಆಗುಂಬೆ, ಸೋಮೇಶ್ವರ, ಕುದುರೆಮುಖದ ಕಾಡುಗಳು 2012ರಿಂದ ಯುನೆಸ್ಕೊ ಪರಂಪರೆಯ ಪಟ್ಟಿಯಲ್ಲಿವೆ. ಆ ಸುತ್ತಿನಲ್ಲಿ ಇಂಥ ಯೋಚನೆಯೇ ಬರಬಾರದು. ಗದ್ದೆಯೂ ಅಷ್ಟೇ, ಮಳೆನೀರು ನಿಂತು ಇಂಗುವ ಜಾಗ ಅದು, ಮುಚ್ಚಿದರೆ ಕೆಳಗಿನ ಬಾವಿಗೆ ಗೊತ್ತಾಗುತ್ತದೆ.

ಈಗ ಇರುವ ಕೋರ್ಸ್‌ಗಳ ವಿಷಯ ಬೇರೆ. ಅಲ್ಲಿ ತೀರಾ ಆರೈಕೆ ಬೇಡುವುದು ಗ್ರೀನ್‌ಗಳು, ಎಲ್ಲ ಸೇರಿಸಿದರೂ ಎರಡು ಮೂರು ಎಕರೆ. ಔಷಧಿ, ಗೊಬ್ಬರವನ್ನು ಅಷ್ಟಕ್ಕೇ ನಿಲ್ಲಿಸಬಹುದು. ಮಳೆಗಾಲದಲ್ಲಿ ಹೊಡೆಯಲೇಬಾರದು, ಯಾಕೆಂದರೆ ಮರುದಿನವೇ ಅದು ಹಳ್ಳ ಸೇರಿ ತುಂಗೆಗೋ ಭದ್ರೆಗೋ ಹೋಗುತ್ತದೆ. ಬೇಸಿಗೆಗೆ ಬೇಕಾದ ನೀರನ್ನು ಒಳಗಿನ ಕೆರೆಯಲ್ಲೇ ಹಿಡಿದಿಡಬೇಕು, ಬೋರ್‌ವೆಲ್ ಕೊರೆಯುವುದಲ್ಲ. ಆಡದ ಜಾಗದಲ್ಲಿ ಊರಿನ ಮರಗಳು, ಕುರುಚಲು ಹಾಗೇ ಇರಲಿ. ಚಾಂಪಿಯನ್‌ಶಿಪ್‌ಗೆ ಆತಿಥ್ಯ ಕೇಳುವ ಕ್ಲಬ್ ಮೊದಲು ಈ ಲೆಕ್ಕ ಕೊಡಲಿ. ಬೇಸಿಗೆಯಲ್ಲಿ ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಹುಲ್ಲಿನ ಹಾದಿ) ಅಲ್ಲಲ್ಲಿ ಕಂದು ತಿರುಗಿದರೆ ಆಟಕ್ಕೇನೂ ಕೊರತೆಯಿಲ್ಲ, ಗಟ್ಟಿ ನೆಲದಲ್ಲಿ ಚೆಂಡು ಇನ್ನಷ್ಟು ಉರುಳುತ್ತದೆ.

ಪ್ರ: ಇದು ದುಡ್ಡಿದ್ದವರ ಆಟ. ನಮ್ಮಂಥ ಕಾರ್ಖಾನೆ ಕೆಲಸಗಾರರ ಮಕ್ಕಳಿಗೆ ಎಟುಕುತ್ತದೆಯೇ?
— ನಿವೃತ್ತ ಕಾರ್ಮಿಕ, ಭದ್ರಾವತಿ

ಉ: ಕಷ್ಟವಿದೆ, ಸುಳ್ಳು ಹೇಳುವುದಿಲ್ಲ. ಆದರೂ ದಾರಿ ಮಾಡಿಕೊಂಡವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿ ಬೇರೆಯವರ ಬ್ಯಾಗ್ ಹೊತ್ತವರು, 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಹತ್ತಿರದ ಹಳ್ಳಿಯ ಚಿಕ್ಕರಂಗಪ್ಪ ಊರ ಪಕ್ಕದ ಕೋರ್ಸ್‌ನಲ್ಲಿ ಆಟ ಕಂಡು, ಅಲ್ಲೇ ಕಲಿತು, ದೇಶದ ಮುಂಚೂಣಿಯ ವೃತ್ತಿಪರ ಆಟಗಾರರಾದರು. ಇಬ್ಬರಿಗೂ ಒಳಗೆ ಕಾಲಿಡಲು ಒಂದು ಬಾಗಿಲು ತೆರೆದಿತ್ತು, ಅಷ್ಟೇ. ದೆಹಲಿಯಲ್ಲಿ ಅಭಿವೃದ್ಧಿ ಪ್ರಾಧಿಕಾರವೇ ನಡೆಸುವ ಕುತುಬ್ ಕೋರ್ಸ್‌ನಲ್ಲಿ ಸದಸ್ಯತ್ವ ಇಲ್ಲದವರೂ ಶುಲ್ಕ ಕೊಟ್ಟು ಆಡಬಹುದು. ಶಿವಮೊಗ್ಗಕ್ಕೆ 18 ಹೋಲ್ ಬೇಡ ಸ್ವಾಮಿ. ಒಂದು ಪಟಿಂಗ್ ಗ್ರೀನ್, ಬಲೆ ಕಟ್ಟಿದ ನಾಲ್ಕು ಹೊಡೆಯುವ ಜಾಗ, ಹಳೇ ಕೋಲುಗಳು, ಕಲಿಸುವವರೊಬ್ಬರು ಇದ್ದರೆ ಸಾಕು, ಅದಕ್ಕೆ ಅರ್ಧ ಎಕರೆಯೂ ಬೇಡ.

ಪ್ರ: ಅಷ್ಟು ದೊಡ್ಡ ಬಯಲಲ್ಲಿ ಅಂಪೈರ್ ಇಲ್ಲದೆ ಸ್ಕೋರ್ ನಂಬುವುದು ಹೇಗೆ?
— ಪ್ರೌಢಶಾಲೆ ವಿದ್ಯಾರ್ಥಿನಿ, ಶಿಕಾರಿಪುರ

ಉ: ನಿನ್ನ ಸ್ಕೋರನ್ನು ನಿನ್ನ ಜೊತೆಯ ಆಟಗಾರ ಬರೆಯುತ್ತಾನೆ, ನೀನು ಪರೀಕ್ಷಿಸಿ ಸಹಿ ಹಾಕಬೇಕು ಪುಟ್ಟಿ. ಸಹಿ ಬಿದ್ದ ಮೇಲೆ ಆ ಕಾಗದದ್ದೇ ಮಾತು. 1968ರಲ್ಲಿ ಮಾಸ್ಟರ್ಸ್ ಎಂಬ ದೊಡ್ಡ ಪಂದ್ಯದಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ ಕೊನೆಯ ದಿನ ಹದಿನೇಳನೇ ಹೋಲನ್ನು ಮೂರು ಹೊಡೆತದಲ್ಲಿ ಮುಗಿಸಿದ್ದರು, ಟಿವಿಯಲ್ಲಿ ಎಲ್ಲರೂ ನೋಡಿದ್ದರು. ಜೊತೆಯವರು ನಾಲ್ಕು ಅಂತ ಬರೆದಿದ್ದರು. ಡಿ ವಿಸೆಂಜೊ ಗಮನಿಸದೆ ಸಹಿ ಹಾಕಿದರು. 65 ಇದ್ದದ್ದು 66 ಆಯಿತು, ಪ್ಲೇ ಆಫ್ (ಸಮಬಲವಾದವರ ನಡುವಿನ ನಿರ್ಣಾಯಕ ಸುತ್ತು) ಆಡುವ ಅವಕಾಶ ಒಂದು ಹೊಡೆತದಿಂದ ಕೈತಪ್ಪಿತು. ಆವತ್ತು ಅವರ 45ನೇ ಹುಟ್ಟುಹಬ್ಬ. ಅವರು ಜೊತೆಗಾರನನ್ನು ದೂರಲಿಲ್ಲ, ನೋಡಿಕೊಳ್ಳಬೇಕಾದವನು ನಾನೇ ಅಂದರು. ಸೀನಿಯರ್ ಅಮೆಚೂರ್‌ನ ಮೊದಲ ಎರಡು ದಿನವೂ ಇದೇ ನಿಯಮ. ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಳ್ಳುವಷ್ಟೇ ಜೋಪಾನವಾಗಿ ಹದಿನೆಂಟೂ ಅಂಕಿ ಓದಿ ಆಮೇಲೆ ಪೆನ್ನು ಹಿಡಿ.

ಪ್ರ: ಆಡಲು ಬರುವುದಿಲ್ಲ, ನೋಡಲು ಹೋಗಬೇಕು. ಯಾವಾಗ, ಏನು ತಯಾರಿ?
— ದಿನಸಿ ವ್ಯಾಪಾರಿ, ರಿಪ್ಪನ್‌ಪೇಟೆ

ಉ: ಅಕ್ಟೋಬರ್ ಕೊನೆಯಿಂದ ಹೋಗಿ, ಮೊದಲೇ ಕ್ಲಬ್ಬಿನ ಆಫೀಸಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿ. ಹಿಮ್ಮಡಿ ಚಪ್ಪಟೆ ಇರುವ ಬೂಟು ಹಾಕಿ, ಕೊಡೆ ತಗೊಳ್ಳಿ, ಮೊಬೈಲ್ ಸದ್ದು ಬಂದ್ ಮಾಡಿ. ಆಟಗಾರ ಚೆಂಡಿನ ಮುಂದೆ ನಿಂತ ಮೇಲೆ ನಡೆಯಬೇಡಿ, ಮಾತಾಡಬೇಡಿ. ಒಬ್ಬರ ಹಿಂದೆ ಹದಿನೆಂಟೂ ಹೋಲ್ ಸುತ್ತುವ ಬದಲು ಒಂದು ಪಾರ್ 3ರ ಗ್ರೀನ್ ಪಕ್ಕ ಕೂತುಬಿಡಿ, ಬಂದವರೆಲ್ಲರ ಆಟವೂ ಕಣ್ಣೆದುರಿಗೇ ಸಿಗುತ್ತದೆ.